ಗೋಡೆಗೆ ಮುಖ ಮಾಡಿ ಕೂತ ಪಾದ್ರಿ

ನನ್ನ ಹೊಲಿಗೆ ಅಂಗಡಿಗೂ ಪಾದ್ರಿಯವರ ಕೋಣೆಗೂ ನಡುವೆ ಇದ್ದದ್ದು ಒಂದೇ ಒಂದು ಪ್ಲೈವುಡ್ ಹಲಗೆ. ಅದನ್ನು ಗೋಡೆ ಎಂದು ಕರೆದು ಎರಡು ಕಡೆಯಿಂದಲೂ ಬಾಡಿಗೆ ವಸೂಲಿ ಮಾಡುತ್ತಿದ್ದ ಮಾಲೀಕನ ಧೈರ್ಯವನ್ನು ಮೆಚ್ಚಬೇಕು. ಆ ಕಡೆ ಪಾದ್ರಿ ಕೆಮ್ಮಿದರೆ ಈ ಕಡೆ ಅಳತೆ ಕೊಡಲು ನಿಂತ ಹೆಂಗಸು ಬೆಚ್ಚಿಬೀಳುತ್ತಿದ್ದಳು. ನಾನು ದೇವರ ಸಹವಾಸಕ್ಕೆ ಹೋದವಳಲ್ಲ. ಆದರೂ ಆ ಬೀದಿಯಲ್ಲಿ ನನ್ನಷ್ಟು ಪ್ರಾರ್ಥನೆ ಕೇಳಿಸಿಕೊಂಡವರು ಇನ್ನೊಬ್ಬರಿರಲಾರರು, ದೇವರನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಆ ಕೋಣೆ ಮೊದಲು ಟೈರ್ ರಿಪೇರಿ ಅಂಗಡಿಯಾಗಿತ್ತು. ಅಂಗಡಿಯವನು ಸವೆದ ಟೈರುಗಳನ್ನು ಅಲ್ಲೇ ಬಿಟ್ಟು ಊರುಬಿಟ್ಟಿದ್ದ. ಪಾದ್ರಿ ಬಂದ ದಿನ ಅವನ್ನು ಹೊರಗೆ ಎಸೆಯುತ್ತಾರೆ ಅಂದುಕೊಂಡೆ. ಅವರು ಒಂದೊಂದನ್ನೂ ಸೋಪು ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಕೋಣೆಯೊಳಗೆ ಸುತ್ತಲೂ ಜೋಡಿಸಿದರು. ಮಕ್ಕಳಿಗೆ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ಕುರ್ಚಿ ಬೇಡ ಅನ್ನುವುದು ಅವರ ಲೆಕ್ಕಾಚಾರ. ಎಷ್ಟು ತೊಳೆದರೂ ರಬ್ಬರ್ ವಾಸನೆ ಮಾತ್ರ ಹೋಗಲಿಲ್ಲ, ಮಕ್ಕಳ ತಲೆಗೂದಲಿಗೂ ಅದೇ ವಾಸನೆ ಅಂಟಿತು.

ಉದ್ದನೆಯ ಮನುಷ್ಯ, ಸ್ವಲ್ಪ ಗೂನು. ಪಾದ್ರಿಯಾಗುವ ಮೊದಲು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದರಂತೆ. ಜನರ ಸುಳ್ಳು ಕೇಳಿ ಕೇಳಿ ಸಾಕಾಗಿ ಈ ಕೆಲಸಕ್ಕೆ ಬಂದೆ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕೋಣೆಯ ಹಿಂಭಾಗಕ್ಕೆ ನಾನೇ ಹೊಲಿದುಕೊಟ್ಟ ಪರದೆಯನ್ನು ಇಳಿಬಿಟ್ಟು, ಅದರ ಹಿಂದೆ ಒಂದು ಮಂಚ, ಒಂದು ಸ್ಟೋವ್, ಒಂದು ಪೆಟ್ಟಿಗೆ ಇಟ್ಟುಕೊಂಡು ಸಂಸಾರ ಹೂಡಿದ್ದರು.

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡವಳಿಗೆ ಅದು ತಲೆನೋವು. ಒಂದು ಸಲ ನನ್ನ ಗಿರಾಕಿಯೊಬ್ಬಳು ಹೊಸ ಕೋಟು ತೊಟ್ಟು ಬಾಗಿಲಲ್ಲಿ ನಿಂತು, "ಹೆಂಗಿದೆ ಪಾದ್ರಿಗಳೇ?" ಅಂದಳು. ಅವರು ತಲೆ ಓರೆ ಮಾಡಿ ನೋಡಿ, "ಬಲಗಡೆ ಭುಜ ಸ್ವಲ್ಪ ಮೇಲಿದೆ ಅನ್ಸುತ್ತೆ ತಾಯಿ" ಅಂದರು. ಇದ್ದದ್ದು ನಿಜವೇ. ಆದರೆ ಆ ಕೋಟನ್ನು ಮತ್ತೆ ಬಿಚ್ಚಿ ಹೊಲಿದವಳು ನಾನು. ತಮ್ಮ ಹಳೆಯ ಸೈಕಲ್ಲು ಮಾರುವಾಗಲೂ ಬ್ರೇಕು ಹಿಡಿಯುವುದಿಲ್ಲ, ಚೈನು ಕಳಚುತ್ತದೆ, ಮಳೆ ಬಂದರೆ ಸೀಟು ನೀರು ಕುಡಿಯುತ್ತದೆ ಎಂದು ಪೂರ್ತಿ ಪುರಾಣ ಹೇಳಿ, ಕೊಳ್ಳಲು ಬಂದವನನ್ನು ಓಡಿಸಿದ ಪುಣ್ಯಾತ್ಮ.

ದೊಡ್ಡವರಿಗೆ ದೇವರ ಮಾತು ಹೇಳಲೆಂದು ಚರ್ಚಿನವರು ಅವರನ್ನು ಆ ಬೀದಿಗೆ ಕಳಿಸಿದ್ದರು. ದೊಡ್ಡವರಿಗೆ ಪುರುಸೊತ್ತೆಲ್ಲಿ? ಬಸ್ ಡಿಪೋದ ಹಿಂದಿನ ಆ ಓಣಿಗಳಲ್ಲಿ ಒಬ್ಬರು ಹೋಟೆಲ್ ಲಾಂಡ್ರಿಯಲ್ಲಿ, ಇನ್ನೊಬ್ಬರು ಪ್ಯಾಕಿಂಗ್ ಶೆಡ್ಡಿನಲ್ಲಿ, ಮತ್ತೊಬ್ಬರು ಕಚೇರಿಗಳ ನೆಲ ಒರೆಸುವುದರಲ್ಲಿ. ಎಲ್ಲರದೂ ಬೇರೆ ಬೇರೆ ಪಾಳಿ. ಗಂಡ ಬರುವಾಗ ಹೆಂಡತಿ ಹೊರಡುತ್ತಾಳೆ, ಅಕ್ಕಪಕ್ಕದವರ ಮುಖ ಮರೆತುಹೋಗುತ್ತದೆ. ಓಣಿಯಲ್ಲಿ ಉಳಿಯುವವರು ಮಕ್ಕಳು ಮಾತ್ರ. ಪಾದ್ರಿ ಒಂದು ಬುಟ್ಟಿಯಲ್ಲಿ ಬ್ರೆಡ್ಡು ಇಟ್ಟುಕೊಂಡು ಓಣಿ ಓಣಿ ಸುತ್ತಿದರು. ಮಕ್ಕಳು ಮೊದಲು ಬ್ರೆಡ್ಡಿಗೆ ಬಂದರು, ಆಮೇಲೆ ಟೈರಿನ ಮೇಲೆ ಕುಣಿಯಲು ಬಂದರು, ಆಮೇಲೆ ದಿನವೂ ಬಂದರು.

ಅವರದೊಂದು ಪದ್ಧತಿ ಇತ್ತು. ಪಾಠ, ಹಾಡು, ಬ್ರೆಡ್ಡು ಎಲ್ಲ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ದೇವರಿಗೆ ಹೇಳಬೇಕು. ಆ ಹೊತ್ತು ಪಾದ್ರಿ ತಮ್ಮ ಸ್ಟೂಲನ್ನು ತಿರುಗಿಸಿ, ಮಕ್ಕಳಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ದೊಡ್ಡವರು ದಿಟ್ಟಿಸಿ ನೋಡುತ್ತಿದ್ದರೆ ಮಕ್ಕಳ ಬಾಯಿಂದ ನಿಜ ಬರುವುದಿಲ್ಲವಂತೆ. ಶುರುಮಾಡುವ ಮೊದಲು ದಿನವೂ ಹೇಳುತ್ತಿದ್ದ ಮಾತು ಒಂದೇ: "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ನನ್ನ ಬಾಯಿಂದ ಆಚೆ ಹೋಗಲ್ಲ." ಅವರು ಮುಖ ಮಾಡುತ್ತಿದ್ದ ಗೋಡೆ ನನ್ನ ಪ್ಲೈವುಡ್ಡು. ಹಲಗೆಯ ಆ ಕಡೆ ಅವರ ಮೂಗು, ಈ ಕಡೆ ನನ್ನ ಕಿವಿ.

ಏನೇನು ಕೇಳುತ್ತಿದ್ದವು ಆ ಮಕ್ಕಳು. "ದೇವರೇ, ಲೆಕ್ಕದ ಟೀಚರ್‌ಗೆ ಹೊಟ್ಟೆನೋವು ಬರಲಿ, ಜಾಸ್ತಿ ಬೇಡ, ಸೋಮವಾರಕ್ಕೆ ಸಾಕು" ಎಂದು ಒಬ್ಬ. "ನಮ್ಮಪ್ಪ ಕುಡಿದ್ರೂ ಪರವಾಗಿಲ್ಲ, ಬಂದ ತಕ್ಷಣ ನಿದ್ದೆ ಮಾಡ್ಲಿ" ಎಂದು ಇನ್ನೊಬ್ಬಳು. ತನ್ನ ಹಲ್ಲು ಬೇಗ ಬರಲಿ, ಅಜ್ಜಿ ಬೇಗ ಹೋಗಲಿ ಎಂದು ಒಂದೇ ಉಸಿರಿನಲ್ಲಿ ಕೇಳಿದ ಭೂಪನೂ ಇದ್ದ. ನಾನು ಮೆಷಿನ್ ನಿಲ್ಲಿಸಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದೆ. ಪಾದ್ರಿ ನಗುತ್ತಿರಲಿಲ್ಲ. "ಆಮೆನ್" ಎಂದು ಗಂಭೀರವಾಗಿ ಹೇಳಿ ಮುಂದಿನವರಿಗೆ ಕಾಯುತ್ತಿದ್ದರು. ಆ ಓಣಿಯ ಮಕ್ಕಳಿಗೆ ತಮ್ಮ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ದೊಡ್ಡವರೊಬ್ಬರು ಸಿಕ್ಕಿದ್ದು ಅದೇ ಮೊದಲು.

ಅವರ ಪೈಕಿ ಇದ್ದವರು ಕಡ್ಡಿ ಮತ್ತು ಬಟಾಣಿ, ಅಕ್ಕ ತಮ್ಮ. ಕಡ್ಡಿ ಹೆಸರಿಗೆ ತಕ್ಕ ಹಾಗೆ ಇದ್ದಳು, ಮೊಣಕೈ ಮೊಣಕಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ವಯಸ್ಸು ಒಂಬತ್ತೋ ಹತ್ತೋ, ಗತ್ತು ಮಾತ್ರ ಹೆಡ್‌ಮಾಸ್ಟರಿನದು. ಬಟಾಣಿಗೆ ಮೂರು ತುಂಬಿರಲಿಲ್ಲ. ಗುಂಡಗೆ, ಸದಾ ಮೂಗು ಸೋರುವ ಮಗು. ಅವನ ಗುಂಡಿ ಹಾಕುವವಳು, ಮೂಗು ಒರೆಸುವವಳು, ಬ್ರೆಡ್ಡಿನ ಅಂಚು ಕಿತ್ತು ಒಳಗಿನ ಮೆತ್ತನೆಯದನ್ನು ತಿನ್ನಿಸುವವಳು ಅವಳೇ. ಅಂಚನ್ನು ತಾನು ತಿನ್ನುವಳು. ತಾಯಿ ಹೋಟೆಲ್ ಲಾಂಡ್ರಿಯಲ್ಲಿದ್ದಳು. ನನ್ನ ಹತ್ತಿರ ಒಮ್ಮೆ ಸ್ಕರ್ಟಿಗೆ ಜಿಪ್ ಹಾಕಿಸಿಕೊಂಡು ಹೋಗಿದ್ದಳು, ನೋಡಲು ಚೆಲುವೆ, ಗಡಿಬಿಡಿಯ ಹೆಂಗಸು.

ಒಂದು ಸಂಜೆ ಪ್ರಾರ್ಥನೆ ಮುಗಿದು ಉಳಿದ ಮಕ್ಕಳೆಲ್ಲ ನಲ್ಲಿಯ ಹತ್ತಿರ ಕೈ ತೊಳೆಯಲು ಓಡಿದ್ದರು. ಬಟಾಣಿ ಟೈರಿನೊಳಗೇ ಮಲಗಿ ನಿದ್ದೆಹೋಗಿದ್ದ. ಕಡ್ಡಿ ಅವತ್ತು ತನ್ನ ಸರದಿ ಬಂದಾಗ ಸುಮ್ಮನಿದ್ದವಳು, ಈಗ ಮೆಲ್ಲಗೆ ಬಾಯಿಬಿಟ್ಟಳು.

"ದೇವರೇ, ಅಮ್ಮ ಬರೋವರೆಗೂ ನಾವಿಬ್ರೇ ಇರೋದು ಯಾರಿಗೂ ಗೊತ್ತಾಗದ ಹಾಗೆ ನೋಡ್ಕೋ. ಗೊತ್ತಾದ್ರೆ ಬಟಾಣಿನ ಬೇರೆ ಕಡೆ ಕಳಿಸಿಬಿಡ್ತಾರೆ."

ಹಲಗೆಯ ಆ ಕಡೆ ಇನ್ನೂ ಗೋಡೆಗೆ ಮುಖ ಮಾಡಿಯೇ ಕೂತಿದ್ದ ಪಾದ್ರಿ "ಆಮೆನ್" ಅಂದರು. ನನ್ನ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟೆ.

ಮಾರನೆಯ ದಿನ ಬೆಳಿಗ್ಗೆ ಪಾದ್ರಿ ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ಸೂಜಿಯಮ್ಮ," ಅಂದರು. ಬೀದಿಯಲ್ಲಿ ನನಗೆ ಇದ್ದ ಹೆಸರು ಅದೇ, ನಾಲಿಗೆಯ ದೆಸೆಯಿಂದ ಬಂದದ್ದು. "ನಿನ್ನೆ ನೀವು ಅಂಗಡಿಯಲ್ಲಿದ್ರಾ?"

"ಇದ್ದೆ. ಕಿವಿನೂ ಜೊತೆಗೇ ಇತ್ತು."

"ನಾನು ಏನೂ ಹೇಳೋ ಹಾಗಿಲ್ಲ."

"ನೀವು ಹೇಳ್ಬೇಡಿ. ನಾನು ಸೂಪು ಮಾಡಿಟ್ಟಿದೀನಿ, ಪಾತ್ರೆ ಎತ್ಕೊಂಡು ಹೋಗಿ."

ಹೀಗೆ ಶುರುವಾಯಿತು ನಮ್ಮ ಕಳ್ಳ ವ್ಯವಹಾರ. ವಿಷಯ ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಲಾಂಡ್ರಿಯಲ್ಲಿ ಕೆಲಸ ಹೋದ ಮೇಲೆ ತಾಯಿ ಯಾರೋ ದಲ್ಲಾಳಿಯ ಜೊತೆ ದೂರದ ಊರಿಗೆ, ಕಟ್ಟಡ ಕೆಲಸಗಾರರ ಅಡುಗೆಮನೆಗೆ ಹೋಗಿದ್ದಳು. ತಿಂಗಳಲ್ಲಿ ಬರುತ್ತೇನೆ, ಚಿಕ್ಕಮ್ಮ ಬಂದು ನಿಮ್ಮ ಜೊತೆ ಇರುತ್ತಾಳೆ ಅಂದಿದ್ದಳಂತೆ. ಚಿಕ್ಕಮ್ಮ ಎಂಬುವವಳು ಬರಲಿಲ್ಲ. ಅಂಥವಳೊಬ್ಬಳು ಇದ್ದಳೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ. ಕಡ್ಡಿ ಕೇಳಿದವರಿಗೆಲ್ಲ "ಅಮ್ಮ ಪಾಳಿಗೆ ಹೋಗಿದಾಳೆ" ಅನ್ನುತ್ತಿದ್ದಳು. ಎಲ್ಲರೂ ಪಾಳಿಯಲ್ಲೇ ಬದುಕುವ ಓಣಿಯಲ್ಲಿ ಅದನ್ನು ಯಾರು ಅನುಮಾನಿಸುತ್ತಾರೆ?

ಪಾದ್ರಿ ಆ ದಲ್ಲಾಳಿಯನ್ನು ಹುಡುಕಿಕೊಂಡು ಊರೆಲ್ಲ ಅಲೆದರು. ಅವನ ಅಂಗಡಿಗೆ ಬೀಗ. ಹೋಟೆಲಿನ ಲಾಂಡ್ರಿಗೆ ಹೋದರು, ಅಲ್ಲಿ ಅವಳ ಹೆಸರು ಮರೆತಾಗಿತ್ತು. ಕಡ್ಡಿಯ ಕೋಣೆಯ ಸ್ಟೋವಿಗೆ ಹೊಸ ಬತ್ತಿ ಹಾಕಿಕೊಟ್ಟು, ಆಮೇಲೆ ಹೆದರಿ, ಸ್ಟೋವನ್ನೇ ಎತ್ತಿಕೊಂಡು ಬಂದು ತಮ್ಮ ಮಂಚದ ಕೆಳಗಿಟ್ಟರು. ಅಲ್ಲಿಂದ ಮುಂದೆ ಮಕ್ಕಳಿಗೆ ಬಿಸಿ ಊಟ ಹೋಗುತ್ತಿದ್ದದ್ದು ನಮ್ಮಿಬ್ಬರ ಕಡೆಯಿಂದ. ನಾನು ನನ್ನ ಹಳೆಯ ಕೋಟನ್ನು ಕತ್ತರಿಸಿ ಬಟಾಣಿಗೆ ಒಂದು ಕೋಟು ಹೊಲಿದೆ. ಬಲಗಡೆ ಭುಜ ಸರಿಯಾಗಿಯೇ ಇತ್ತು.

ಪಾದ್ರಿಯ ಪಾಡು ನೋಡಬೇಕಿತ್ತು ಆಗ. ಯಾರಾದರೂ ನೆರೆಯವಳು, "ಆ ಮಕ್ಕಳ ತಾಯಿ ಇತ್ತೀಚೆಗೆ ಕಾಣ್ತಿಲ್ಲ ಅಲ್ವಾ?" ಎಂದು ಬಾಯಿಮಾತಿಗೆ ಕೇಳಿದರೂ ಸಾಕು, ಮನುಷ್ಯನಿಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಕೆಮ್ಮಿ ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು, ಕೈಸನ್ನೆಯಲ್ಲೇ ಕ್ಷಮೆ ಕೇಳಿ ಹೊರಟುಬಿಡುತ್ತಿದ್ದರು. ಪಾದ್ರಿಗೆ ಕ್ಷಯ ಇದೆ ಎಂದು ಓಣಿಯಲ್ಲಿ ಸುದ್ದಿ ಹಬ್ಬಿತು. ಸುಳ್ಳು ಹೇಳುವುದಕ್ಕಿಂತ ಕ್ಷಯವೇ ವಾಸಿ ಎಂದು ಅವರು ತೀರ್ಮಾನಿಸಿದಂತಿತ್ತು.

ಚಳಿ ಬಂತು. ತಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಕಡ್ಡಿ ತಮ್ಮನನ್ನು ಎತ್ತಿಕೊಂಡು ಓಣಿಯ ತುದಿಯಿಂದ ಬರುತ್ತಿದ್ದಳು. ಅವನ ಕಾಲು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಮಗುವಿನ ಮೈ ಕಾದ ಇಸ್ತ್ರಿಪೆಟ್ಟಿಗೆಯಾಗಿತ್ತು, ತುಟಿ ಒಣಗಿ ಬಿರಿದಿತ್ತು. ರಾತ್ರಿಯೆಲ್ಲ ವಾಂತಿ ಮಾಡಿಕೊಂಡನೆಂದು ಹೇಳಿದಳು. "ನಾನು ನೀರು ಕುಡಿಸ್ದೆ, ಅದೂ ನಿಲ್ಲಲಿಲ್ಲ" ಎಂದು ತಪ್ಪು ಮಾಡಿದವಳ ಹಾಗೆ ಹೇಳಿದಳು. ಪಾದ್ರಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದು ಮಗುವನ್ನು ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ಸಾಲು ಸಾಲು ಬೆಂಚುಗಳು, ಹಸಿರು ಬಣ್ಣ ಅರ್ಧ ಬಳಿದ ಗೋಡೆಗಳು. ಮಗುವಿನ ಕೈಗೆ ಸೂಜಿ ಚುಚ್ಚಿ ಬಾಟಲಿ ತಗುಲಿಸಿದರು. ನಾನು ಜೀವಮಾನವಿಡೀ ಸೂಜಿ ಹಿಡಿದವಳು, ಆ ಸೂಜಿಯನ್ನು ಮಾತ್ರ ನೋಡಲಾಗದೆ ಮುಖ ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಬಟಾಣಿ ಕಣ್ಣುಬಿಟ್ಟು, ಸುತ್ತ ನೋಡಿ, ಬ್ರೆಡ್ಡು ಕೇಳಿದ. ಕಡ್ಡಿ ಅವನಿಗೆ ಕುಡಿಯುವ ನೀರು ತರಲು ಹೊರಗೆ ಹೋದಳು. ಅಷ್ಟರಲ್ಲಿ ಡಾಕ್ಟರ್ ಬಂದಳು, ಚಿಕ್ಕ ವಯಸ್ಸಿನ ಹುಡುಗಿ.

"ಗಾಬರಿ ಆಗೋ ಅಂಥದ್ದೇನಿಲ್ಲ," ಅಂದಳು. "ಮೈಯಲ್ಲಿ ನೀರು ಕಮ್ಮಿಯಾಗಿತ್ತು, ಅಷ್ಟೇ. ಈಗ ಸರಿಹೋಗಿದಾನೆ. ಸಾಯಂಕಾಲ ಮನೆಗೆ ಕರ್ಕೊಂಡು ಹೋಗಬಹುದು."

ಅದನ್ನು ಕೇಳಿಸಿಕೊಂಡವರು ನಾವಿಬ್ಬರು. ನನಗೆ ಹೋದ ಜೀವ ಬಂದಂತಾಯಿತು. ಪಾದ್ರಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತರು.

ಡಾಕ್ಟರ್ ಹೋದ ಮೇಲೆ ನರ್ಸ್ ಬಂದಳು. ಕಡ್ಡಿಯೂ ಆಗಲೇ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಳು. "ಈ ಮಗುವಿನ ತಾಯಿ ಎಲ್ಲಿ?" ಎಂದು ನರ್ಸ್ ಕೇಳಿದಳು.

"ಕೆಲಸಕ್ಕೆ ಹೋಗಿದಾಳೆ," ಅಂದೆ ನಾನು. "ನಾನು ಅಜ್ಜಿ."

ಮಾತು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ನಂಬಿಕೆ ಬಂತು. ನರ್ಸ್ ನನ್ನನ್ನೂ ಮಗುವನ್ನೂ ಕಡ್ಡಿಯ ಹರಿದ ಶೂಗಳನ್ನೂ ನೋಡಿದಳು. ಅನುಮಾನವಿತ್ತು, ಆದರೆ ಕೆಟ್ಟ ಹೆಂಗಸಲ್ಲ. ಪಾದ್ರಿಯ ಕೊರಳಿನ ಬಿಳಿ ಪಟ್ಟಿಯನ್ನು ನೋಡಿ ದನಿ ಮೆತ್ತಗೆ ಮಾಡಿಕೊಂಡಳು.

"ಹೌದಾ ಪಾದ್ರಿಗಳೇ? ನೀವು ಹೌದು ಅಂದ್ರೆ ಸಾಕು, ಕಳಿಸಿಕೊಡ್ತೀನಿ."

ಪಾದ್ರಿಗೆ ಕೆಮ್ಮು ಬಂತು. ಕೆಮ್ಮಿದರು, ಕೆಮ್ಮಿದರು. ಓಣಿಯವರಾಗಿದ್ದರೆ ಅಷ್ಟಕ್ಕೇ ಹೋಗಿಬಿಡುತ್ತಿದ್ದರು. ನರ್ಸ್ ಕಡ್ಡಿಯ ಕೈಯಿಂದ ಲೋಟ ತೆಗೆದುಕೊಂಡು ಅವರಿಗೆ ನೀರು ಕುಡಿಸಿ, ಉತ್ತರಕ್ಕೆ ಕಾದು ನಿಂತಳು. ಕೆಮ್ಮು ನಿಂತಿತು. ಅವರು ಕಡ್ಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಹೇಳುವುದನ್ನೆಲ್ಲ ಹೇಳಿದೆ.

"ಇಲ್ಲಮ್ಮ," ಅಂದರು. "ತಾಯಿ ಇಲ್ಲ. ಹೋಗಿ ತಿಂಗಳುಗಳಾಯ್ತು. ಮಕ್ಕಳಿಬ್ರೇ ಇದಾರೆ."

ಕಡ್ಡಿ ಅಳಲಿಲ್ಲ. ತಮ್ಮನ ಮಂಚದ ಹತ್ತಿರ ಹೋಗಿ, ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಬಾಟಲಿ ಇನ್ನೂ ಕೈಗೆ ತಗುಲಿಕೊಂಡೇ ಇತ್ತು, ಆ ತೋಳಿಗೆ ಕೋಟು ತೊಡಿಸಲಾಗದೆ ಹಾಗೇ ಹೆಗಲ ಮೇಲೆ ಹೊದಿಸಿದಳು. ಆಮೇಲೆ ಪಾದ್ರಿಯ ಕಡೆ ತಿರುಗಿದಳು.

"ನೀವು ಹೇಳಲ್ಲ ಅಂದಿದ್ರಿ," ಅಂದಳು.

ಮಕ್ಕಳ ಇಲಾಖೆಯಿಂದ ಒಬ್ಬಳು ಅಧಿಕಾರಿ ಬಂದಳು, ಸೌಮ್ಯ ಮುಖದವಳು. ಪಾದ್ರಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಅವಳು, "ಒಟ್ಟಿಗೇ ಇಡ್ತೀವಿ, ಯೋಚನೆ ಮಾಡ್ಬೇಡಿ" ಅಂದಳು. ಪಾದ್ರಿ ಕಡ್ಡಿಯ ಮುಂದೆ ಮಂಡಿಯೂರಿ ಕೂತು ಅದೇ ಮಾತನ್ನು ಅವಳಿಗೆ ಹೇಳಿದರು. ಒಟ್ಟಿಗೇ ಇರ್ತೀರಿ, ನಾನು ಕೇಳಿದೀನಿ ಅಂದರು. ಅವರು ತಮ್ಮ ಮಾತನ್ನು ನಂಬುವ ಹಾಗೆಯೇ ಬೇರೆಯವರ ಮಾತನ್ನೂ ನಂಬುತ್ತಿದ್ದರು. ಅಷ್ಟು ವರ್ಷ ಟಿಕೆಟ್ ತಪಾಸಣೆ ಮಾಡಿ ಏನು ಕಲಿತರೋ ನನಗೆ ತಿಳಿಯದು.

ಒಂದು ವಾರವೂ ಒಟ್ಟಿಗಿಡಲಿಲ್ಲ. ಗಂಡು ಕೂಸುಗಳಿಗೆ ಊರಿನ ಆ ತುದಿಯಲ್ಲಿ ಒಂದು ಮನೆ, ದೊಡ್ಡ ಹೆಣ್ಣುಮಕ್ಕಳಿಗೆ ಪಕ್ಕದ ಊರಿನಲ್ಲಿ ಒಂದು ಹಾಸ್ಟೆಲ್. ನಿಯಮವಂತೆ. ಆ ಅಧಿಕಾರಿಗೆ ಬೇರೆ ವಿಭಾಗಕ್ಕೆ ವರ್ಗವಾಗಿತ್ತು.

ಸುದ್ದಿ ಬಂದ ದಿನ ನಾನು ಅವರ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಒಂದು ಹೌದು ಅನ್ನೋಕೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಸುಳ್ಳು ಹೊಲಿದು, ಇಸ್ತ್ರಿ ಮಾಡಿ, ಮಡಚಿ ಕೊಟ್ಟಿದ್ದೆ. ನೀವು ತಲೆ ಅಲ್ಲಾಡಿಸಿದ್ರೆ ಸಾಕಿತ್ತು. ಆ ಮಗು ನಿಮ್ಮನ್ನ ನಂಬ್ಕೊಂಡಿತ್ತು."

ಅವರು ಟೈರಿನ ಮೇಲೆ ಕುಕ್ಕರುಬಡಿದು ಕೂತಿದ್ದರು. "ಇವತ್ತು ಜ್ವರ ಬಂತು ಸೂಜಿಯಮ್ಮ," ಅಂದರು. "ನಾಳೆ ಚಳಿಗೆ ಅವಳು ಬೆಂಕಿ ಹತ್ತಿಸಿ, ಇಬ್ರೂ ಒಳಗೆ ಚಿಲಕ ಹಾಕ್ಕೊಂಡು ಮಲಗಿದ್ರೆ? ಹೆದರಿಕೆ ಆಯ್ತು. ದಿನಾ ಹೆದರ್ತಿದ್ದೆ ನಾನು." ಆಮೇಲೆ, "ಸುಳ್ಳು ಹೇಳೋಕೂ ಬರ್ಲಿಲ್ಲ," ಅಂದರು.

ನನಗೂ ಹೆದರಿಕೆ ಇತ್ತು. ಆದರೂ ಸಿಟ್ಟು ಇಳಿಯಲಿಲ್ಲ, ಬಹಳ ದಿನ ಅವರ ಊಟಕ್ಕೆಂದು ಮಾಡಿದ ಸೂಪಿನ ಪಾತ್ರೆಯನ್ನು ಅವರ ಬಾಗಿಲಲ್ಲಿ ಸದ್ದು ಮಾಡಿ ಇಟ್ಟು ಬರುತ್ತಿದ್ದೆ. ಅವರ ಮೇಲೆ ಸಿಟ್ಟು, ಆ ಅಧಿಕಾರಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಆ ತಾಯಿಯ ಮೇಲೆ. ಅವಳು ಬದುಕಿದ್ದರೆ ನನ್ನ ಸಿಟ್ಟು ಇವತ್ತಿಗೂ ಹಾಗೇ ಇದೆ. ಸತ್ತಿದ್ದರೆ ಪಾಪ.

ಓಣಿಯ ಮಕ್ಕಳಿಗೆ ಎಲ್ಲ ತಿಳಿಯಿತು, ಬಟ್ಟೆ ತೆಗೆದುಕೊಂಡು ಹೋಗಲು ಬಂದ ಕಡ್ಡಿಯೇ ಹೇಳಿದ್ದಳು. ಕಡ್ಡಿ ದೇವರಿಗೆ ಹೇಳಿದ್ದು, ಪಾದ್ರಿ ಆಸ್ಪತ್ರೆಯಲ್ಲಿ ಹೇಳಿದ್ದು, ಕಾರು ಬಂದು ಕರೆದುಕೊಂಡು ಹೋದದ್ದು, ಒಂದನ್ನೂ ಬಿಡದೆ. ಆದರೂ ಬಂದರು. ಬ್ರೆಡ್ಡು ತಿಂದರು, ಹಾಡು ಹೇಳಿದರು. ಪಾದ್ರಿ ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತು, ಎಂದಿನ ಮಾತು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ನಾನು ಈ ಕಡೆ ಮೆಷಿನ್ ನಿಲ್ಲಿಸಿ ಕಾದೆ. ಒಂದು ಮಗುವೂ ತುಟಿಪಿಟಕ್ ಎನ್ನಲಿಲ್ಲ. ಕೊನೆಗೆ ಲೆಕ್ಕದ ಟೀಚರ್‌ಗೆ ಹೊಟ್ಟೆನೋವು ಬೇಡಿದ್ದ ಹುಡುಗ, "ದೇವರೇ, ಎಲ್ಲರಿಗೂ ಒಳ್ಳೇದು ಮಾಡು" ಅಂದ. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಅಂದರು. ಪಾದ್ರಿ ಪ್ರತಿಯೊಬ್ಬರಿಗೂ ಆಮೆನ್ ಹೇಳಿದರು.

ದಿನವೂ ಹಾಗೇ ಆಯಿತು. ಒಳ್ಳೇದು ಮಾಡು, ಆಮೆನ್. ಒಳ್ಳೇದು ಮಾಡು, ಆಮೆನ್. ಸತ್ಯ ಹೇಳುತ್ತೇನೆ, ಆ ಮಕ್ಕಳು ಅತ್ತು ಕರೆದು ರಂಪ ಮಾಡಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕುಡುಕ ಅಪ್ಪಂದಿರು ಕುಡಿಯುತ್ತಲೇ ಇದ್ದರು, ಹೊಡೆತ ಬೀಳುತ್ತಲೇ ಇತ್ತು, ಅದು ಯಾವುದೂ ಆ ಕೋಣೆಗೆ ಬರಲಿಲ್ಲ. ಮಕ್ಕಳ ಸಂಖ್ಯೆಯೂ ಮೆಲ್ಲಗೆ ಇಳಿಯಿತು. ಪಾದ್ರಿ ಮಾತ್ರ ಸಂಜೆಯ ಆ ಹೊತ್ತು ಗೋಡೆಗೆ ಮುಖ ಮಾಡಿ ಕೂರುವುದನ್ನು ಬಿಡಲಿಲ್ಲ. ಯಾರೂ ಬಾರದ ದಿನವೂ ಹಲಗೆಯ ಆ ಕಡೆ ಅವರ ಉಸಿರು ನನಗೆ ಕೇಳಿಸುತ್ತಿತ್ತು.

ಹಗಲೆಲ್ಲ ಅವರ ಕಾಲಿಗೆ ಚಕ್ರ. ಇಬ್ಬರನ್ನೂ ಒಂದೇ ಕಡೆ ಇಡಿ ಎಂದು ಕಚೇರಿ ಕಚೇರಿ ಅಲೆದರು. ಒಬ್ಬ ಗುಮಾಸ್ತ ಇನ್ನೊಬ್ಬನನ್ನು ತೋರಿಸುವನು, ಅವನು ಮತ್ತೊಬ್ಬನನ್ನು. ನಾನೇ ಸಾಕುತ್ತೇನೆ ಎಂದೂ ಕೇಳಿದರಂತೆ, ಪರದೆಯ ಹಿಂದೆ ಒಂಟಿಯಾಗಿರುವ ಮುದುಕನಿಗೆ ಯಾರು ಕೊಡುತ್ತಾರೆ? ಎರಡು ಚಳಿಗಾಲ ಕಳೆದ ಮೇಲೆ ಕೊನೆಗೂ ಒಂದು ಅನುಮತಿ ಸಿಕ್ಕಿತು. ಒಟ್ಟಿಗಿಡಲು ಅಲ್ಲ. ಅಕ್ಕ ತಮ್ಮ ಒಂದು ಮಧ್ಯಾಹ್ನ ಭೇಟಿಯಾಗಲು. ಕಡ್ಡಿಯನ್ನು ಕರೆದುಕೊಂಡು ಹೋಗಿ ವಾಪಸ್ ಬಿಡುವ ಹೊಣೆ ಪಾದ್ರಿಯದು. ಜೊತೆಗೆ ಹೆಂಗಸೊಬ್ಬಳು ಇರಬೇಕೆಂದದ್ದಕ್ಕೆ ಅವರು ನನ್ನ ಬಾಗಿಲಿಗೆ ಬಂದು ನಿಂತರು. ನಾನು ಅಂಗಡಿಗೆ ಬೀಗ ಹಾಕಿ ಹೊರಟೆ.

ಹಾಸ್ಟೆಲಿನ ಗೇಟಿಗೆ ಬಂದ ಕಡ್ಡಿ ಉದ್ದವಾಗಿದ್ದಳು. ಕೂದಲು ಗಿಡ್ಡ ಕತ್ತರಿಸಿದ್ದರು. ಪಾದ್ರಿಯನ್ನು ನೋಡಿ ನಕ್ಕಳು, ಅವರ ಕೈಯನ್ನು ಮಾತ್ರ ಹಿಡಿಯಲಿಲ್ಲ. ಹಾಸ್ಟೆಲಿನಲ್ಲಿ ಕೊಟ್ಟ ಬ್ರೆಡ್ಡಿನ ಒಳಭಾಗವನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದಳು.

ಬಟಾಣಿಯನ್ನು ಇಟ್ಟಿದ್ದ ಮನೆಯ ಭೇಟಿಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು, ಗೋಡೆಯ ಮೇಲೆ ಪ್ರಾಣಿಗಳ ಚಿತ್ರ. ಆಯಾ ಒಬ್ಬಳು ಬಟಾಣಿಯನ್ನು ಕರೆತಂದಳು. ಹುಡುಗ ಚೆನ್ನಾಗಿದ್ದ, ಕೆನ್ನೆ ತುಂಬಿಕೊಂಡಿತ್ತು, ಮೂಗು ಸೋರುತ್ತಿರಲಿಲ್ಲ. ಕಡ್ಡಿ ಎದ್ದು ನಿಂತು ಎರಡೂ ಕೈ ಚಾಚಿದಳು. ಅವನು ಆಯಾಳ ಹಿಂದೆ ಸರಿದು, ಅವಳ ಬಟ್ಟೆ ಹಿಡಿದುಕೊಂಡು ಇಣುಕಿದ.

"ಯಾರದು?" ಎಂದು ಆಯಾಳನ್ನು ಕೇಳಿದ.

"ನಿನ್ನ ಅಕ್ಕ ಕಣೋ, ಹೋಗು," ಅಂದಳು ಆಯಾ.

ಹೇಳಿದ ಮಾತು ಕೇಳುವ ಹುಡುಗ, ಬಂದ. ಅವಳ ಮುಂದೆ ನೆಟ್ಟಗೆ ನಿಂತ. ಕಡ್ಡಿ ಕಾಗದ ಬಿಚ್ಚಿ ಬ್ರೆಡ್ಡು ಕೊಟ್ಟಳು. ಥ್ಯಾಂಕ್ಸ್ ಹೇಳಿ ತಿಂದ, ತಿಂದು ಮುಗಿಸಿ ಆಟಕ್ಕೆ ಹೋಗಲೇ ಎಂದು ಆಯಾಳನ್ನು ಕೇಳಿದ. ಅವನ ಅಂಗಿಯ ಒಂದು ಗುಂಡಿ ಬಿಚ್ಚಿತ್ತು. ಅವಳು ಕೈ ಮುಂದೆ ಮಾಡಿದಳು. ಅವನು ಅದನ್ನು ನೋಡಿ ತಾನೇ ಹಾಕಿಕೊಂಡ, ಹಾಕಲು ಬರುತ್ತದೆಂದು ತೋರಿಸಿದ. ಆಮೇಲೆ ಹೊರಗೆ ಓಡಿದ. ಕಿಟಕಿಯಿಂದ ಅವನು ಆಡುವುದು ಕಾಣುತ್ತಿತ್ತು, ಸಮಯ ಮುಗಿಯುವವರೆಗೂ ಅವಳು ಅಲ್ಲೇ ನಿಂತು ನೋಡಿದಳು.

ವಾಪಸ್ ಬಸ್ಸಿನಲ್ಲಿ ಕಡ್ಡಿ ನಮ್ಮಿಬ್ಬರ ನಡುವೆ ಕೂತಳು. ಅರ್ಧ ದಾರಿ ಕಳೆದ ಮೇಲೆ ಅವಳು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೇಳಿದಳು.

"ಪಾದ್ರಿ ಮಾಮ, ಅವತ್ತು ನೀವು ಹೇಳದೇ ಇದ್ದಿದ್ರೆ ಬಟಾಣಿ ಸತ್ತೋಗ್ತಿದ್ನಾ?"

ಪಾದ್ರಿ ಅವಳ ತಲೆಯ ಮೇಲಿಂದ ನನ್ನನ್ನು ನೋಡಿದರು. ಡಾಕ್ಟರ್ ಏನು ಹೇಳಿದ್ದಳೆಂದು ತಿಳಿದವರು ಪ್ರಪಂಚದಲ್ಲಿ ನಾವಿಬ್ಬರೇ. ಈಗ ಕೆಮ್ಮು ಹತ್ತುತ್ತದೆ ಅಂದುಕೊಂಡೆ. ಹತ್ತಲಿಲ್ಲ.

"ಹೌದು ಮಗಳೇ," ಅಂದರು. "ಉಳೀತಿರಲಿಲ್ಲ. ಡಾಕ್ಟರೇ ಹೇಳಿದ್ರು."

ದನಿ ನಡುಗಲಿಲ್ಲ, ಕಣ್ಣು ತಪ್ಪಿಸಲಿಲ್ಲ. ಕಡ್ಡಿ ಸೀಟಿನಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದಳು.

"ಹಾಗಾದ್ರೆ ಬಿಡಿ," ಅಂದಳು. "ನಾನಾಗಿದ್ರೂ ಹೇಳ್ತಿದ್ದೆ."

ಅವರ ತೋಳಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಹಾಸ್ಟೆಲಿನ ನಿಲ್ದಾಣ ಬರುವವರೆಗೂ ಅವರು ಆ ತೋಳನ್ನು ಅಲ್ಲಾಡಿಸಲಿಲ್ಲ. ಗೇಟಿನ ಹತ್ತಿರ ಅವರ ಕೈ ಹಿಡಿದು, ಮುಂದಿನ ಸಲ ಬಟಾಣಿಗೆ ಒಂದು ಚೆಂಡು ತರೋಣ ಎಂದು ಹೇಳಿ ಒಳಗೆ ಹೋದಳು.

ನಾವು ನಿಲ್ದಾಣಕ್ಕೆ ನಡೆದುಬರುವಾಗ ಪಾದ್ರಿ ರಸ್ತೆಯ ಬದಿಯಲ್ಲಿ ನಿಂತುಬಿಟ್ಟರು.

"ಸೂಜಿಯಮ್ಮ, ಅವತ್ತು ಡಾಕ್ಟರ್ ಏನಂದಿದ್ರು ನಿಮಗೆ ನೆನಪಿದೆಯಾ?"

"ಇಲ್ಲ," ಅಂದೆ. "ನನಗೇನೂ ನೆನಪಿಲ್ಲ."

ಅವರು ಅಲ್ಲೇ ನಿಂತು ಅತ್ತರು. ನಾನು ಅವರ ಕೈಚೀಲ ಹಿಡಿದುಕೊಂಡು, ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದೆ.